ವೃತ್ತಿಯಲ್ಲಿರುವ ಮನಶ್ಶಾಸ್ತ್ರಜ್ಞರ ಮುಂದುವರಿದ ಕಲಿಕೆ: ಇರುವ ಸಮಯ, ಹಣವನ್ನು ಎಲ್ಲಿ ತೊಡಗಿಸಬೇಕು?

ತುಂಗಾತೀರ (ಕ್ಲಿನಿಕಲ್ ಸೈಕಾಲಜಿಸ್ಟ್, ಶಿವಮೊಗ್ಗ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಬೆಳಗಿನ ಹೊತ್ತು ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿಯೂ ಸಂಜೆ ನನ್ನದೇ ಕ್ಲಿನಿಕ್‌ನಲ್ಲಿಯೂ ಕೆಲಸ ಮಾಡುತ್ತೇನೆ. ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾದರೆ ಸಿಆರ್‌ಇ, ಅಂದರೆ ಮುಂದುವರಿದ ಪುನರ್ವಸತಿ ಶಿಕ್ಷಣದ, ಅಂಕಗಳು ಬೇಕು ಎಂಬುದು ಇಲ್ಲಿರುವ ಬಹುತೇಕರಿಗೆ ತಿಳಿದ ವಿಷಯ. ಆನ್‌ಲೈನ್ ಕಾರ್ಯಕ್ರಮಗಳು ಹೆಚ್ಚಾದ ಮೇಲೆ ಅಂಕಗಳನ್ನು ಸೇರಿಸುವುದು ನನ್ನಂತೆ ಜಿಲ್ಲಾ ಕೇಂದ್ರದಲ್ಲಿರುವವರಿಗೂ ಅಷ್ಟು ಕಷ್ಟವಾಗಿ ಉಳಿದಿಲ್ಲ. ನನ್ನ ಚಿಂತೆ ಬೇರೆ. ವೆಬಿನಾರ್ ಮುಗಿಸಿ, ಪ್ರಮಾಣಪತ್ರ ಪಡೆದು, ಮರುದಿನ ಕ್ಲಿನಿಕ್‌ನಲ್ಲಿ ಕುಳಿತಾಗ ನಾನು ಮಾಡುವ ಕೆಲಸದಲ್ಲಿ ಏನೂ ಬದಲಾಗಿರುವುದಿಲ್ಲ.

ಒಂದು ಉದಾಹರಣೆಯನ್ನು ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತೇನೆ. ಗೀಳು ರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವ ಒಬ್ಬ ಗೃಹಿಣಿಯ ಮನೆಯಲ್ಲಿ ಇಂದಿಗೂ ಮಡಿ ಆಚರಣೆಯಿದೆ. ಮಡಿಬಟ್ಟೆಯನ್ನು ಕೋಲಿನಿಂದಲೇ ಎತ್ತಿ ಗಳುವಿನ ಮೇಲೆ ಹಾಕುವುದು, ಸ್ನಾನವಾಗದೆ ಅಡುಗೆಮನೆಗೆ ಕಾಲಿಡದಿರುವುದು ಆ ಮನೆಯ ಎಲ್ಲರಿಗೂ ಸಹಜ. ಆದರೆ ಈಕೆಗೆ ಬಟ್ಟೆ ಎಲ್ಲೋ ತಗುಲಿತೆಂಬ ಅನುಮಾನ ಬಂದರೆ ಸಾಕು, ಬಟ್ಟೆ ಮತ್ತೆ ನೆನೆಯುತ್ತದೆ, ಸ್ನಾನ ಮತ್ತೆ ಆರಂಭವಾಗುತ್ತದೆ, ಮಧ್ಯಾಹ್ನವಾದರೂ ಒಲೆ ಹೊತ್ತುವುದಿಲ್ಲ. ಎಕ್ಸ್‌ಪೋಷರ್ ಮತ್ತು ರೆಸ್ಪಾನ್ಸ್ ಪ್ರಿವೆನ್ಷನ್ (ಅಂಜುವುದನ್ನು ಹಂತಹಂತವಾಗಿ ಎದುರಿಸಿ, ಗೀಳಿನ ಕ್ರಿಯೆಯನ್ನು ಮಾಡದೆ ಇರಲು ಕಲಿಸುವ ಚಿಕಿತ್ಸೆ) ಬಗ್ಗೆ ನಾನು ಹಾಜರಾದ ತರಬೇತಿಗಳಲ್ಲಿ ಶೌಚಾಲಯದ ಬಾಗಿಲ ಹಿಡಿಕೆಯನ್ನು ಮುಟ್ಟಿಸುವ, ಅಪರಿಚಿತರ ಕೈಕುಲುಕಿಸುವ ಉದಾಹರಣೆಗಳಿದ್ದವು. ಈ ಮನೆಯಲ್ಲಿ ಆಚರಣೆ ಎಲ್ಲಿ ಮುಗಿದು ರೋಗ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಯಾವ ಸ್ಲೈಡೂ ಹೇಳಲಿಲ್ಲ.

ಮುಂದಿನ ಎರಡು ವರ್ಷಗಳಿಗೆ ನನ್ನ ಬಳಿ ಸ್ವಲ್ಪ ಹಣವೂ ವಾರಕ್ಕೆ ಕೆಲವು ಗಂಟೆಗಳ ಬಿಡುವೂ ಇವೆ. ಅದನ್ನು ಒಂದು ನಿರ್ದಿಷ್ಟ ಚಿಕಿತ್ಸಾ ಪದ್ಧತಿಯ ದೀರ್ಘ ಸರ್ಟಿಫಿಕೇಟ್ ಕೋರ್ಸಿಗೆ ಹಾಕುವುದು ಸರಿಯೇ, ಹಣ ಕೊಟ್ಟು ಹಿರಿಯರೊಬ್ಬರ ಸೂಪರ್‌ವಿಷನ್ (ನನ್ನ ಕೇಸುಗಳನ್ನು ಪರಿಶೀಲಿಸಿ ಕೊಡುವ ಮಾರ್ಗದರ್ಶನ) ಪಡೆಯುವುದು ಸರಿಯೇ, ಅಥವಾ ಬೇರೆ ದಾರಿ ಇದೆಯೇ? ಅನುಭವವಿರುವವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ವಿನಂತಿ.

ಕುಕ್ಕರಹಳ್ಳಿ (ಮೈಸೂರು) ಅವರ ಉತ್ತರ

ತುಂಗಾತೀರ ಅವರೇ, ನಿಮ್ಮ ಪ್ರಶ್ನೆ ನಮ್ಮ ವೃತ್ತಿಯ ಮೂಲಕ್ಕೇ ಕೈಹಾಕುತ್ತದೆ. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ನಾನು ಬಹುಕಾಲದಿಂದ ಕಿರಿಯ ಸಹೋದ್ಯೋಗಿಗಳಿಗೆ ಸೂಪರ್‌ವಿಷನ್ ಕೊಡುತ್ತಾ ಬಂದಿದ್ದೇನೆ, ನಾನೂ ಪಡೆಯುತ್ತಿದ್ದೇನೆ.

ಮೊದಲು ಒಂದು ಅಹಿತಕರ ಸಂಗತಿ. ವರ್ಷಗಳು ಕಳೆದಂತೆ ನಾವು ತಾನಾಗಿಯೇ ಉತ್ತಮ ಚಿಕಿತ್ಸಕರಾಗುತ್ತೇವೆ ಎಂಬ ನಂಬಿಕೆಗೆ ಆಧಾರ ಬಹಳ ದುರ್ಬಲ. ಅಮೆರಿಕದಲ್ಲಿ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು 170 ಚಿಕಿತ್ಸಕರು ನೋಡಿದ 6,591 ಜನರ ಫಲಿತಾಂಶಗಳನ್ನು ಹಲವು ವರ್ಷಗಳ ಅವಧಿಗೆ ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅನುಭವ ಹೆಚ್ಚಿದಂತೆ ಸರಾಸರಿ ಫಲಿತಾಂಶ ಸುಧಾರಿಸುವುದರ ಬದಲು ಅತಿ ಸಣ್ಣ ಪ್ರಮಾಣದಲ್ಲಿ ಇಳಿದಿತ್ತು. ಕೆಲವರು ಮಾತ್ರ ಕಾಲಕ್ರಮದಲ್ಲಿ ನಿಜವಾಗಿಯೂ ಉತ್ತಮಗೊಂಡಿದ್ದರು. ಇನ್ನೊಂದು, 2004ರಲ್ಲಿ ವಿಲಿಯಂ ಮಿಲ್ಲರ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ (ಬದಲಾಗುವ ಇಚ್ಛೆಯನ್ನು ವ್ಯಕ್ತಿಯಿಂದಲೇ ಹೊರತರುವ ಸಂಭಾಷಣಾ ವಿಧಾನ) ಕಲಿಯಲು ಬಂದ 140 ಚಿಕಿತ್ಸಕರನ್ನು ಬೇರೆ ಬೇರೆ ಗುಂಪುಗಳಾಗಿ ಮಾಡಿ, ಕೆಲವರಿಗೆ ಬರೀ ವರ್ಕ್‌ಶಾಪ್, ಇನ್ನು ಕೆಲವರಿಗೆ ವರ್ಕ್‌ಶಾಪಿನ ನಂತರ ಅವರ ಸೆಷನ್‌ಗಳ ಧ್ವನಿಮುದ್ರಣ ಕೇಳಿ ವಿಮರ್ಶೆ ಅಥವಾ ಫೋನಿನಲ್ಲಿ ಮಾರ್ಗದರ್ಶನ ಕೊಡಲಾಯಿತು. ವಿಮರ್ಶೆ, ಮಾರ್ಗದರ್ಶನ ಸಿಕ್ಕವರ ಕೌಶಲ ಮತ್ತಷ್ಟು ಏರಿತು. ನನ್ನನ್ನು ಹೆಚ್ಚು ತಟ್ಟಿದ್ದು ಅದೇ ಅಧ್ಯಯನದ ಮತ್ತೊಂದು ಅಂಶ: ತಮಗೆ ಎಷ್ಟು ಕೌಶಲ ಬಂದಿದೆ ಎಂದು ಚಿಕಿತ್ಸಕರು ತಾವೇ ಹೇಳಿಕೊಂಡದ್ದಕ್ಕೂ, ಧ್ವನಿಮುದ್ರಣದಲ್ಲಿ ಕಂಡ ಕೌಶಲಕ್ಕೂ ಸಂಬಂಧವೇ ಇರಲಿಲ್ಲ. ತರಬೇತಿಯ ಕೊನೆಯಲ್ಲಿ ನಾವು ತುಂಬಿಕೊಡುವ ಅಭಿಪ್ರಾಯ ಪತ್ರಗಳಿಗೆ ಎಷ್ಟು ಬೆಲೆ ಕೊಡಬಹುದು ಎಂಬುದನ್ನು ಇದರಿಂದ ನೀವೇ ಊಹಿಸಬಹುದು.

ಆದ್ದರಿಂದ ನನ್ನ ಸಲಹೆ ಸ್ಪಷ್ಟವಾಗಿದೆ. ನಿಮ್ಮ ನಿಜವಾದ ಸೆಷನ್ನಿನಲ್ಲಿ ಏನು ನಡೆಯಿತು ಎಂಬುದನ್ನು ಇನ್ನೊಬ್ಬರು ಕೇಳಿ, ತಡೆದು ಪ್ರಶ್ನಿಸುವ ವ್ಯವಸ್ಥೆಗೆ ನಿಮ್ಮ ಹಣ ಮತ್ತು ಸಮಯದ ದೊಡ್ಡ ಪಾಲು ಹೋಗಲಿ. ದೀರ್ಘ ಕೋರ್ಸ್ ಸೇರುವುದಾದರೂ ಅದರಲ್ಲಿ ಸೂಪರ್‌ವಿಷನ್ ಗಂಟೆಗಳು ಕಡ್ಡಾಯವಾಗಿ ಇವೆಯೇ, ನಿಮ್ಮ ಧ್ವನಿಮುದ್ರಣವನ್ನು ಯಾರಾದರೂ ಕೇಳುತ್ತಾರೆಯೇ ಎಂದು ಮೊದಲು ವಿಚಾರಿಸಿ. ಅದಿಲ್ಲದಿದ್ದರೆ ಪದ್ಧತಿಯ ಹೆಸರು ಎಷ್ಟೇ ದೊಡ್ಡದಿದ್ದರೂ ನಾನಾಗಿದ್ದರೆ ಸೇರುವುದಿಲ್ಲ.

ಈಗ ನಿಮ್ಮ ಮಡಿಯ ಪ್ರಸಂಗಕ್ಕೆ ಬರುತ್ತೇನೆ; ಕೇಸ್ ಚರ್ಚೆ ಏನು ಕೊಡಬಲ್ಲದು ಎಂಬುದಕ್ಕೆ ಅದೇ ಒಳ್ಳೆಯ ಸಾಕ್ಷಿ. ನಮ್ಮ ಗುಂಪಿನಲ್ಲಿ ನೀವು ಇದನ್ನು ಮಂಡಿಸಿದ್ದರೆ ಮೊದಲ ಪ್ರಶ್ನೆ ಆಕೆಯ ಅತ್ತೆಯ ಬಗ್ಗೆ ಬರುತ್ತಿತ್ತು. ಅತ್ತೆಯವರ ಮಡಿ ಎಷ್ಟು ಹೊತ್ತಿನಲ್ಲಿ ಮುಗಿಯುತ್ತದೆ? ಬಟ್ಟೆ ತಗುಲಿತೇ ಇಲ್ಲವೇ ಎಂಬ ಅನುಮಾನ ಅವರಿಗೂ ಬಂದಾಗ ಅವರು ಏನು ಮಾಡುತ್ತಾರೆ? ಮಡಿಗೆ ಒಂದು ಮುಕ್ತಾಯವಿದೆ. ಸ್ನಾನವಾಯಿತು, ಮಡಿಯುಟ್ಟಾಯಿತು, ಕೆಲಸ ಮುಂದೆ ಸಾಗುತ್ತದೆ. ರೋಗದಲ್ಲಿ ಆ ಮುಕ್ತಾಯವೇ ಸಿಗುವುದಿಲ್ಲ. ಹೀಗೆ ಆ ಮನೆಯವರದೇ ಅಳತೆಯನ್ನು ಹಿಡಿದರೆ, ಮಡಿಯನ್ನು ಮುರಿಯಿರಿ ಎಂದು ಹೇಳುವ ಅಗತ್ಯವೇ ಇಲ್ಲದೆ, ಅತ್ತೆಯವರು ಒಂದೇ ಸ್ನಾನಕ್ಕೆ ನಿಲ್ಲಿಸುವ ಜಾಗದಲ್ಲಿ ಈಕೆಯೂ ನಿಲ್ಲಿಸಿ, ಉಳಿದ ಅನುಮಾನವನ್ನು ಹೊತ್ತುಕೊಂಡೇ ಒಲೆ ಹಚ್ಚುವುದನ್ನು ಮೊದಲ ಮೆಟ್ಟಿಲಾಗಿ ಆಕೆಯೊಂದಿಗೆ ಕುಳಿತು ನಿರ್ಧರಿಸಬಹುದು.

ಎರಡನೆಯ ಪ್ರಶ್ನೆ ಗಂಡನ ಬಗ್ಗೆ ಬರುತ್ತಿತ್ತು. ಆಕೆ ಬಚ್ಚಲಿನಿಂದಲೇ “ಸರಿಯಾಯಿತಾ?” ಎಂದು ಕೂಗಿದಾಗ ಹೊರಗಿನಿಂದ “ಆಯಿತು, ಆಯಿತು” ಎಂದು ಉತ್ತರ ಕೊಡುವವರು ಯಾರು, ನೀರು ಕಾಯಿಸಿ ಕೊಡುವವರು ಯಾರು? ಮನೆಯವರು ಪ್ರೀತಿಯಿಂದಲೇ ಕೊಡುವ ಆ ಭರವಸೆ ಗೀಳನ್ನು ಉಳಿಸಿಕೊಂಡು ಬರುತ್ತದೆ ಎಂಬುದು ಪಠ್ಯದಲ್ಲಿ ಇದ್ದೇ ಇದೆ. ಆದರೆ ನಮ್ಮ ಮುಂದಿರುವ ಮನೆಯಲ್ಲಿ ಅದು ಯಾವ ರೂಪದಲ್ಲಿದೆ ಎಂದು ಕಾಣುವುದು ಇನ್ನೊಬ್ಬರು ಕೇಳಿದಾಗಲೇ. ಚಿಕಿತ್ಸೆಯ ಆರಂಭದಲ್ಲಿ ಗೀಳಿನ ತೀವ್ರತೆಯನ್ನು ಅಳೆಯುವ ವೈ-ಬಾಕ್ಸ್ ಮಾಪಕದ ಅಂಕ ಬರೆದಿಟ್ಟುಕೊಂಡು ಕೆಲವು ವಾರಗಳಿಗೊಮ್ಮೆ ಹೋಲಿಸಿ ನೋಡಿ. ಬದಲಾವಣೆ ಆಗಿದೆಯೇ ಎಂಬ ಪ್ರಶ್ನೆಗೆ ಆಗ ನಿಮ್ಮ ಅನಿಸಿಕೆಯನ್ನೊಂದೇ ನಂಬಿ ಕೂರಬೇಕಾಗುವುದಿಲ್ಲ.

ಅಂಕಗಳನ್ನು ಕಡೆಗಣಿಸಿ ಎಂದು ಇದರರ್ಥವಲ್ಲ; ನವೀಕರಣಕ್ಕೆ ಅವು ಬೇಕೇ ಬೇಕು. ನಿಮ್ಹಾನ್ಸ್ 2018ರಲ್ಲಿ ಡಿಜಿಟಲ್ ಅಕಾಡೆಮಿಯನ್ನು ಆರಂಭಿಸಿದ ಮೇಲೆ ದೂರದ ಊರಿನವರಿಗೂ ಗಂಭೀರ ಕಲಿಕೆಯ ಒಂದು ದಾರಿ ತೆರೆದಿದೆ. ಅಂತಹ ಕಾರ್ಯಕ್ರಮಗಳಲ್ಲಿಯೂ ಉಪನ್ಯಾಸಕ್ಕಿಂತ ಕೇಸ್ ಮಂಡನೆಗೆ ಹೆಚ್ಚು ಸಮಯ ಇರುವಂಥವನ್ನು ಆರಿಸಿಕೊಳ್ಳಿ.

ಧಾರವಾಡದಿಂದ ಹಿರಿಯ ಸದಸ್ಯರೊಬ್ಬರು

ಕುಕ್ಕರಹಳ್ಳಿ ಅವರು ಹೇಳಿದ್ದು ಮನೋಚಿಕಿತ್ಸೆಗೆ ಸಂಬಂಧಿಸಿದಂತೆ ಸರಿ. ಆದರೆ ಜಿಲ್ಲಾ ಕೇಂದ್ರಗಳಲ್ಲಿ ನಮ್ಮ ಕೆಲಸದ ದೊಡ್ಡ ಭಾಗ ಮಕ್ಕಳ ಬುದ್ಧಿಮತ್ತೆ ಪರೀಕ್ಷೆ ಮತ್ತು ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಬೇಕಾದ ವರದಿ ಎಂಬುದನ್ನು ಮರೆಯಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿ, ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಆ ಪಟ್ಟಿಗೆ ಸೇರಿಸಿದ ನಂತರ ನಮ್ಮ ಒಂದು ವರದಿಯ ಮೇಲೆ ಮಗುವಿನ ಪರೀಕ್ಷಾ ರಿಯಾಯಿತಿ, ಪಿಂಚಣಿ, ಶಾಲೆ ಎಲ್ಲವೂ ನಿಂತಿರುತ್ತವೆ.

ನಮ್ಮ ಭಾಗದವರಿಗೆ ಬಿನೆ-ಕಾಮತ್ ಬುದ್ಧಿಮತ್ತೆ ಪರೀಕ್ಷೆಯ ಬಗ್ಗೆ ಅಭಿಮಾನವಿರುವುದು ಸಹಜ. ವಿ. ವಿ. ಕಾಮತರು 1930ರ ದಶಕದಲ್ಲಿಯೇ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಅಳವಡಿಸಿದ್ದು ಈ ದೇಶದ ಮನಶ್ಶಾಸ್ತ್ರದ ದೊಡ್ಡ ಸಾಧನೆ. ಆದರೆ ಆ ಕಾಲದ ಮಕ್ಕಳಿಂದ ಪಡೆದ ಮಾನದಂಡವನ್ನು ಇಂದಿನ ಮಗುವಿಗೆ ಹಚ್ಚಿದಾಗ ಏನಾಗುತ್ತದೆ ಎಂದು ಎಷ್ಟು ಜನ ಯೋಚಿಸುತ್ತೇವೆ? ಹಲವು ದೇಶಗಳಲ್ಲಿ ದಶಕಕ್ಕೆ ಸುಮಾರು ಮೂರು ಅಂಶಗಳಂತೆ ಐಕ್ಯೂ ಪರೀಕ್ಷೆಗಳ ಸಾಧನೆ ಏರುತ್ತಾ ಬಂದದ್ದನ್ನು ಜೇಮ್ಸ್ ಫ್ಲಿನ್ ತೋರಿಸಿಕೊಟ್ಟರು. ಮಾನದಂಡ ಹಳೆಯದಾದಷ್ಟೂ ಇಂದಿನ ಮಗುವಿನ ಐಕ್ಯೂ ಇರುವುದಕ್ಕಿಂತ ಹೆಚ್ಚಾಗಿ ಬರುವ ಸಂಭವವಿದೆ. ನಿಜವಾಗಿ ಬೌದ್ಧಿಕ ಅಂಗವಿಕಲತೆ ಇರುವ ಮಗುವಿಗೆ 70ರ ಮೇಲೆ ಅಂಕ ಬಂದು, ಸಿಗಬೇಕಾದ ಸವಲತ್ತು ತಪ್ಪಿಹೋದರೆ ತಂದೆತಾಯಿಗೆ ಆ ಅನ್ಯಾಯ ಎಲ್ಲಿ ಆಯಿತೆಂದು ತಿಳಿಯುವುದೂ ಇಲ್ಲ.

ಐಕ್ಯೂ ಅಂಕದ ಪಕ್ಕದಲ್ಲಿ, ದಿನನಿತ್ಯದ ಬದುಕಿನಲ್ಲಿ ಮಗುವಿನ ಸ್ವಾವಲಂಬನೆಯನ್ನು ಅಳೆಯುವ ವೈನ್‌ಲ್ಯಾಂಡ್ ಸಾಮಾಜಿಕ ಪ್ರಬುದ್ಧತಾ ಮಾಪಕದ ಫಲಿತಾಂಶವನ್ನು ಬರೀ ಬರೆದು ಬಿಡದೆ, ಎರಡೂ ಹೊಂದದಿದ್ದಾಗ ಏಕೆ ಹೊಂದುತ್ತಿಲ್ಲ ಎಂದು ವರದಿಯಲ್ಲಿ ವಿವರಿಸುವುದನ್ನು ಕಲಿಯಬೇಕು. ಇಬ್ಬರು ಸಹೋದ್ಯೋಗಿಗಳು ತಮ್ಮ ವರದಿಗಳನ್ನು ಹೆಸರು ತೆಗೆದು ಪರಸ್ಪರ ಬದಲಿಸಿಕೊಂಡು ಓದಿದರೆ ಇದು ಬಹಳ ಬೇಗ ಬರುತ್ತದೆ, ಖರ್ಚೂ ಇಲ್ಲ.

ಯಾರಾ ತೀರದ ಕನ್ನಡತಿ (ಮೆಲ್ಬರ್ನ್)

ನಾನು ಬೆಂಗಳೂರಿನಲ್ಲಿ ಓದಿ, ಈಗ ಆಸ್ಟ್ರೇಲಿಯಾದಲ್ಲಿ ಸೈಕಾಲಜಿಸ್ಟ್ ಆಗಿ ನೋಂದಾಯಿತಳಾಗಿದ್ದೇನೆ. ಇಲ್ಲಿನ ವ್ಯವಸ್ಥೆಯ ಒಂದು ಅಂಶ ಮೇಲಿನ ಚರ್ಚೆಗೆ ನೇರವಾಗಿ ಹೊಂದುವುದರಿಂದ ಬರೆಯುತ್ತಿದ್ದೇನೆ. ಇಲ್ಲಿ ಸೈಕಾಲಜಿ ಬೋರ್ಡ್ ವರ್ಷಕ್ಕೆ 30 ಗಂಟೆಗಳ ಮುಂದುವರಿದ ಕಲಿಕೆಯನ್ನು ಕೇಳುತ್ತದೆ, ಅದರಲ್ಲಿ ಕನಿಷ್ಠ 10 ಗಂಟೆಗಳು ಸಹೋದ್ಯೋಗಿಗಳೊಂದಿಗಿನ ಸಮಾಲೋಚನೆಯಾಗಿರಬೇಕು. ಅಂದರೆ ನನ್ನದೇ ಕೆಲಸವನ್ನು, ನನ್ನದೇ ತೊಡಕುಗಳನ್ನು ಇನ್ನೊಬ್ಬ ಮನಶ್ಶಾಸ್ತ್ರಜ್ಞರ ಮುಂದೆ ಇಟ್ಟು ಚರ್ಚಿಸಬೇಕು. ಉಪನ್ಯಾಸ ಕೇಳಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ವರ್ಷದ ಆರಂಭದಲ್ಲಿ ಕಲಿಕೆಯ ಯೋಜನೆಯೊಂದನ್ನು ಬರೆಯಬೇಕು, ಪ್ರತಿ ಚಟುವಟಿಕೆಯ ನಂತರ ಅದರಿಂದ ಏನು ತಿಳಿಯಿತು ಎಂದು ದಾಖಲಿಸಬೇಕು, ಬೋರ್ಡ್ ಕೇಳಿದಾಗ ತೋರಿಸಬೇಕು.

ಆರಂಭದಲ್ಲಿ ಈ ಬರವಣಿಗೆ ನನಗೆ ಹೊರೆಯೆನಿಸಿತ್ತು. ಈಗ ಅದನ್ನೇ ಹೆಚ್ಚು ನೆಚ್ಚಿಕೊಂಡಿದ್ದೇನೆ. “ಹದಿಹರೆಯದವರೊಂದಿಗೆ ಉತ್ತಮವಾಗಿ ಕೆಲಸ ಮಾಡಬೇಕು” ಎಂಬಂಥ ಗುರಿ ವರ್ಷದ ಕೊನೆಯಲ್ಲಿ ಏನನ್ನೂ ಹೇಳುವುದಿಲ್ಲ. “ಮೊದಲ ಮೂರು ಸೆಷನ್‌ಗಳಲ್ಲಿಯೇ ಬರುವುದನ್ನು ನಿಲ್ಲಿಸಿದ ಹದಿಹರೆಯದವರು ಏಕೆ ನಿಲ್ಲಿಸಿದರು ಎಂದು ತಿಳಿಯಬೇಕು” ಎಂದು ಬರೆದರೆ ಯಾವ ತರಬೇತಿ ಬೇಕು, ಯಾರನ್ನು ಕೇಳಬೇಕು ಎಂಬುದು ತಾನಾಗಿ ಹೊಳೆಯುತ್ತದೆ. ಭಾರತದಲ್ಲಿ ಇದು ಕಡ್ಡಾಯವಾಗುವವರೆಗೆ ಕಾಯುವ ಅಗತ್ಯವಿಲ್ಲ. ತುಂಗಾತೀರ ಅವರು ತಮ್ಮ ಸಿಆರ್‌ಇ ಅಂಕಗಳ ಜೊತೆಗೆ ಇಂತಹದೊಂದು ಪುಸ್ತಕವನ್ನು ಸ್ವಂತಕ್ಕೆ ಇಟ್ಟುಕೊಳ್ಳಬಹುದು.

ಇಲ್ಲಿನ ಕನ್ನಡ ಕುಟುಂಬಗಳು, ಮುಖ್ಯವಾಗಿ ಮಕ್ಕಳ ಮನೆಗೆ ಬಂದಿರುವ ವಯಸ್ಸಾದ ತಂದೆತಾಯಂದಿರು, ಕನ್ನಡದಲ್ಲಿಯೇ ಮಾತನಾಡಬಯಸಿ ನನ್ನ ಬಳಿ ಬರುತ್ತಾರೆ. ಅವರ ಬಗ್ಗೆ ಚರ್ಚಿಸಲು ನನಗೆ ಬೇಕಾದ ಸಹೋದ್ಯೋಗಿಗಳು ಕರ್ನಾಟಕದಲ್ಲಿದ್ದಾರೆ. ಆನ್‌ಲೈನ್ ಗುಂಪೊಂದು ಆರಂಭವಾದರೆ ಸಮಯ ಹೊಂದಿಸಿಕೊಂಡು ಸೇರಲು ನಾನು ಸಿದ್ಧ.

ಶಾಲಾ ಆಪ್ತಸಮಾಲೋಚಕಿ (ಹುಬ್ಬಳ್ಳಿ)

ನಾನು ಎಂ.ಎಸ್ಸಿ. ಮುಗಿಸಿ ಶಾಲೆಯಲ್ಲಿ ಆಪ್ತಸಮಾಲೋಚನೆ ಮಾಡುವವಳು. ಆರ್‌ಸಿಐ ನೋಂದಣಿ ನನಗಿಲ್ಲ, ಆದ್ದರಿಂದ ಸಿಆರ್‌ಇ ಅಂಕಗಳ ಕಟ್ಟುಪಾಡೂ ಇಲ್ಲ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಪರರ ಆಯೋಗ ಕಾಯ್ದೆ ನಮ್ಮಂಥವರನ್ನೂ ವರ್ತನಾ ಆರೋಗ್ಯ ವಿಜ್ಞಾನದ ವರ್ಗದಡಿ ತಂದಿದೆ. ಆದರೆ ಯಾವ ಕಾಯ್ದೆಯೂ ಕಡ್ಡಾಯ ಮಾಡದಿದ್ದರೂ ನಮಗೆ ತಕ್ಷಣ ಬೇಕಾದ ಕಲಿಕೆಯೊಂದಿದೆ, ಅದನ್ನು ಇಲ್ಲಿ ಇನ್ನೂ ಯಾರೂ ಪ್ರಸ್ತಾಪಿಸಿಲ್ಲ. ಅದು ಕಾನೂನು.

ಹದಿನೇಳು ವರ್ಷದ ವಿದ್ಯಾರ್ಥಿನಿಯೊಬ್ಬಳು ಬಾಗಿಲು ಮುಚ್ಚಿ, “ಮ್ಯಾಡಂ, ಯಾರಿಗೂ ಹೇಳಬೇಡಿ” ಎಂದು ತನ್ನ ಸಂಬಂಧವೊಂದರ ಬಗ್ಗೆ ಹೇಳತೊಡಗುತ್ತಾಳೆ ಎಂದುಕೊಳ್ಳಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರ ಒಪ್ಪಿಗೆಗೆ ಮಾನ್ಯತೆಯಿಲ್ಲ. ಕಲಂ 19 ಅಪರಾಧ ತಿಳಿದುಬಂದವರು ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ, ಕಲಂ 21 ತಿಳಿಸದಿದ್ದವರಿಗೆ ಆರು ತಿಂಗಳವರೆಗಿನ ಶಿಕ್ಷೆಯನ್ನು ಹೇಳುತ್ತದೆ. ಮಾತು ಅರ್ಧ ಆದ ಮೇಲೆ ಆಕೆಯನ್ನು ತಡೆದು ಕಾನೂನು ವಿವರಿಸಿದರೆ, ನಂಬಿ ಬಂದ ಮಗುವಿಗೆ ಅದು ಮೋಸವಾಗಿ ಕಾಣುತ್ತದೆ. ಗೋಪ್ಯತೆ ಎಲ್ಲಿಯವರೆಗೆ ಇರುತ್ತದೆ ಎಂಬುದನ್ನು ಮೊದಲ ಭೇಟಿಯ ಮೊದಲ ಐದು ನಿಮಿಷಗಳಲ್ಲಿಯೇ, ಮಗು ಹೆದರದ ಹಾಗೆ, ಹೇಳಿ ಮುಗಿಸಬೇಕು.

ಕಲಂಗಳನ್ನು ಓದಿಸುವ ತರಬೇತಿಗಳು ನನಗೆ ಸಿಕ್ಕಿವೆ. ಆ ಐದು ನಿಮಿಷಗಳನ್ನು ಬಾಯಿಬಿಟ್ಟು ಅಭ್ಯಾಸ ಮಾಡಿಸಿದ ತರಬೇತಿ ಸಿಗಲಿಲ್ಲ. ಕೊನೆಗೆ ನಾವು ನಾಲ್ಕಾರು ಶಾಲೆಗಳ ಸಮಾಲೋಚಕಿಯರು ಸೇರಿ, ಒಬ್ಬರು ವಿದ್ಯಾರ್ಥಿನಿಯಾಗಿ ಕುಳಿತು, ಇನ್ನೊಬ್ಬರು ಹೇಳಿ, ಉಳಿದವರು ತಿದ್ದಿ, ಒಬ್ಬ ವಕೀಲರನ್ನು ಕರೆಸಿ ಕೇಳಿಸಿದೆವು. “ನೀನು ಹೇಳುವುದು ನನ್ನಲ್ಲೇ ಇರುತ್ತದೆ, ಆದರೆ ನಿನಗೆ ಯಾರಾದರೂ ತೊಂದರೆ ಕೊಡುತ್ತಿದ್ದರೆ ಅಥವಾ ನಿನ್ನ ವಯಸ್ಸಿನ ಕಾರಣಕ್ಕೆ ಕಾನೂನು ನನಗೆ ಹೇಳಲೇಬೇಕು ಎಂದಾಗ ನಾನು ಸುಮ್ಮನಿರಲಾರೆ. ಹಾಗಾದರೆ ನಿನಗೆ ಮೊದಲು ತಿಳಿಸಿ, ನಿನ್ನ ಜೊತೆಗೇ ಇರುತ್ತೇನೆ” ಎಂಬ ಧಾಟಿಯ ಮಾತುಗಳು ಹೊರಬಂದದ್ದು ಆ ಅಭ್ಯಾಸದಿಂದ. 2017ರ ಮಾನಸಿಕ ಆರೋಗ್ಯ ಕಾಯ್ದೆಯನ್ನೂ ಇದೇ ರೀತಿ ಅಭ್ಯಾಸ ಮಾಡಬೇಕೆಂದು ನನ್ನ ಆಸೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎಂದು ಅದರ ಕಲಂ 115 ಹೇಳುತ್ತದೆ. ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಗೆ ಹೋಗಲು ಹಿಂಜರಿಯುವ ತಂದೆತಾಯಿಗೆ ಅದನ್ನು ಅವರ ಮಾತಿನಲ್ಲಿ ಹೇಳಲು ಬಾರದಿದ್ದರೆ ನಾವು ಓದಿ ಬಂದದ್ದರಿಂದ ಅವರಿಗೆ ಏನೂ ಸಿಕ್ಕಂತಾಗುವುದಿಲ್ಲ.

ತುಂಗಾತೀರ

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ದೀರ್ಘ ಕೋರ್ಸಿನ ಯೋಚನೆಯನ್ನು ಸದ್ಯಕ್ಕೆ ಬದಿಗಿಟ್ಟು, ನಿಯಮಿತ ಸೂಪರ್‌ವಿಷನ್ ಮತ್ತು ಸಹೋದ್ಯೋಗಿಗಳ ಗುಂಪು, ಈ ಎರಡನ್ನೇ ಆರಿಸಿಕೊಳ್ಳಲು ಮನಸ್ಸು ಮಾಡಿದ್ದೇನೆ. ಒಂದು ಅಳುಕು ಉಳಿದಿದೆ. ನಮ್ಮದು ಚಿಕ್ಕ ಊರು. ಯಾವ ಬೀದಿ, ಯಾವ ಸಮುದಾಯ, ಗಂಡನ ಅಂಗಡಿ ಯಾವುದು ಎಂಬ ಮೂರು ವಿವರ ಸಿಕ್ಕರೆ ಹೆಸರು ಹೇಳದಿದ್ದರೂ ಜನ ಗುರುತಿಸುತ್ತಾರೆ. ಧ್ವನಿಮುದ್ರಣಕ್ಕೆ ನಮ್ಮ ಕಡೆಯವರು ಒಪ್ಪುತ್ತಾರೆಯೇ ಎಂಬುದೂ ತಿಳಿಯದು. ಇದನ್ನು ನೀವು ಹೇಗೆ ನಿಭಾಯಿಸುತ್ತೀರಿ?

ಕುಕ್ಕರಹಳ್ಳಿ

ನಿಮ್ಮ ಅಳುಕು ಸರಿಯಾದದ್ದು. ಮಾನಸಿಕ ಆರೋಗ್ಯ ಕಾಯ್ದೆಯ ಕಲಂ 23 ಗೋಪ್ಯತೆಯನ್ನು ವ್ಯಕ್ತಿಯ ಹಕ್ಕಾಗಿ ಹೇಳಿರುವುದರಿಂದ ಇದು ನಮ್ಮ ಸೌಜನ್ಯಕ್ಕಷ್ಟೇ ಬಿಟ್ಟ ವಿಷಯವೂ ಅಲ್ಲ. ನಿಮ್ಮ ಗುಂಪಿನಲ್ಲಿ ಅದೇ ಊರಿನವರು ಇರದಂತೆ ನೋಡಿಕೊಳ್ಳಿ. ಶಿವಮೊಗ್ಗದ ಕೇಸನ್ನು ಕಲಬುರಗಿಯವರೂ ಮೆಲ್ಬರ್ನ್‌ನವರೂ ಕೇಳಿದರೆ ಗುರುತಿನ ಅಪಾಯ ಬಹಳ ಕಡಿಮೆಯಾಗುತ್ತದೆ. ಚಿಕಿತ್ಸೆಗೆ ಬೇಕಿಲ್ಲದ ವಿವರಗಳನ್ನು, ಅಂದರೆ ಉದ್ಯೋಗ, ಮಕ್ಕಳ ಸಂಖ್ಯೆ, ಊರು ಇವುಗಳನ್ನು ಬದಲಿಸಿ, ಬೇಕಾದದ್ದನ್ನು, ನಿಮ್ಮ ಪ್ರಸಂಗದಲ್ಲಿ ಮಡಿಯ ಕ್ರಮವನ್ನು, ಇದ್ದಂತೆಯೇ ಇಡಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಸಿನ ಒಂದು ಸಾಲೂ ಬರೆಯಬೇಡಿ. ಅಲ್ಲಿ ದಿನಾಂಕ ಮತ್ತು ಸಮಯ ಮಾತ್ರ ಇರಲಿ.

ಧ್ವನಿಮುದ್ರಣದ ಮಟ್ಟಿಗೆ, ನೇರವಾಗಿ ಕೇಳಿದರೆ ಒಪ್ಪುವವರು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಜನ. “ನಾನು ನಿಮಗೆ ಇನ್ನೂ ಚೆನ್ನಾಗಿ ಸಹಾಯ ಮಾಡಲು ನನ್ನ ಹಿರಿಯರೊಬ್ಬರಿಗೆ ಇದನ್ನು ಕೇಳಿಸುತ್ತೇನೆ, ಕೇಳಿಸಿದ ಮೇಲೆ ಅಳಿಸುತ್ತೇನೆ, ಬೇಡವೆಂದರೆ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ” ಎಂದು ಹೇಳಿ, ಲಿಖಿತ ಒಪ್ಪಿಗೆ ಪಡೆಯಿರಿ. ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು ಎಂಬ ಸಾಲು ಅದರಲ್ಲಿರಲಿ. ಫೋನಿನ ಧ್ವನಿಮುದ್ರಣ ತಾನಾಗಿ ಗೂಗಲ್ ಡ್ರೈವ್‌ಗೆ ಹೋಗುವ ವ್ಯವಸ್ಥೆಯಿದ್ದರೆ ಮೊದಲು ಅದನ್ನು ನಿಲ್ಲಿಸಿ. ಇದಕ್ಕೆಂದೇ ಇಂಟರ್‌ನೆಟ್ ಇಲ್ಲದ ಸಣ್ಣ ರೆಕಾರ್ಡರ್ ಇಟ್ಟುಕೊಂಡರೆ ಇನ್ನೂ ಕ್ಷೇಮ. ಒಪ್ಪದವರ ವಿಷಯದಲ್ಲಿ ಸೆಷನ್ ಮುಗಿದ ಕೂಡಲೇ, ಮುಂದಿನವರನ್ನು ಒಳಗೆ ಕರೆಯುವ ಮೊದಲು, ನೀವು ಆಡಿದ ಮಾತುಗಳಲ್ಲಿ ನೆನಪಿರುವಷ್ಟನ್ನು ಇದ್ದಹಾಗೆಯೇ ಬರೆದಿಟ್ಟುಕೊಳ್ಳಿ. ಚರ್ಚೆಗೆ ಅದೂ ಸಾಕಷ್ಟು ಒದಗುತ್ತದೆ.

ಮೆಲ್ಬರ್ನ್‌ನ ಸದಸ್ಯರೂ ಹುಬ್ಬಳ್ಳಿಯವರೂ ಒಪ್ಪುವುದಾದರೆ ಐದಾರು ಜನರ ಗುಂಪೊಂದನ್ನು ಆರಂಭಿಸೋಣ. ತಿಂಗಳಿಗೆ ಎರಡು ಭಾನುವಾರ, ಬೆಳಗಿನ ಹೊತ್ತು ಒಂದೂವರೆ ಗಂಟೆಯ ಕಾಲ, ಪ್ರತಿ ಸಲ ಒಂದೇ ಕೇಸ್. ಮಂಡಿಸುವವರು ಮೊದಲು ತಮಗೆ ಬೇಕಾದ ಉತ್ತರ ಯಾವುದು ಎಂದು ಒಂದೇ ಪ್ರಶ್ನೆಯಲ್ಲಿ ಹೇಳಬೇಕು, ಚರ್ಚೆ ಕನ್ನಡದಲ್ಲಿಯೇ ನಡೆಯಬೇಕು. ಆಸಕ್ತರು ಇಲ್ಲಿಯೇ ತಿಳಿಸಿ. ತುಂಗಾತೀರ ಅವರೇ, ಮೊದಲ ಭಾನುವಾರ ನಿಮ್ಮ ಕೇಸನ್ನೇ ತೆಗೆದುಕೊಳ್ಳೋಣ. ಅಷ್ಟರೊಳಗೆ ಅತ್ತೆಯವರನ್ನು ಒಮ್ಮೆ ಭೇಟಿಯಾಗಲು ಆಕೆಯ ಒಪ್ಪಿಗೆ ಸಿಗುತ್ತದೆಯೇ ಕೇಳಿ ನೋಡಿ.